ರೆಸಿಲಿಯೆನ್ಸ್ ಟ್ರೈನಿಂಗ್‌ನಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ?

ಖಾಲಿಕುರ್ಚಿ

ಎಲ್ಲರಿಗೂ ನಮಸ್ಕಾರ. ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನಮ್ಮ ತಂಡದ ಇಬ್ಬರು ಕೆಲಸ ಬಿಟ್ಟು ಹೋದರು. ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅವರ ಕೆಲಸವೆಲ್ಲ ನಮ್ಮ ತಲೆ ಮೇಲೆ ಬಿತ್ತು. ತಿಂಗಳ ಕೊನೆಗೆ ಲೆಕ್ಕ ಮುಗಿಸುವ ವಾರವಂತೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಪಕ್ಕದ ಸಾಲಿನಲ್ಲಿ ಕೂತವರಿಗೂ ಮೆಸೇಜ್ ಹಾಕುತ್ತೇವೆ. ಎದ್ದು ಹೋಗಿ ಕೇಳುವಷ್ಟೂ ಪುರುಸೊತ್ತಿಲ್ಲ.

ಈಗ ಎಚ್‌ಆರ್‌ನವರ ಮೇಲ್ ಬಂದಿದೆ. ಎಲ್ಲರಿಗೂ ‘ರೆಸಿಲಿಯೆನ್ಸ್ ಟ್ರೈನಿಂಗ್’ ಅಂತೆ, ಅಂದರೆ ಒತ್ತಡ ತಡೆದುಕೊಳ್ಳುವ ಶಕ್ತಿ ಬೆಳೆಸುವ ತರಬೇತಿ. ಉಸಿರಾಟದ ಅಭ್ಯಾಸ, ಪಾಸಿಟಿವ್ ಆಗಿ ಯೋಚಿಸುವುದು ಹೇಗೆ, ಜೊತೆಗೆ ಮೊಬೈಲ್‌ಗೆ ಒಂದು ಆ್ಯಪ್. ಹಾಜರಿ ಕಡ್ಡಾಯ. ತಾರೀಕು ನೋಡಿದರೆ ಸರಿಯಾಗಿ ತಿಂಗಳ ಕೊನೆಯ ವಾರ!

ಗೇಲಿ ಮಾಡೋಕೆ ಕೇಳುತ್ತಿಲ್ಲ. ಎರಡು ವಿಷಯ ತಿಳಿಯಬೇಕು. ಇಂಥ ತರಬೇತಿಯಿಂದ ನಿಮಗೆ ಏನಾದರೂ ಅನುಕೂಲ ಆಯಿತಾ? ಕೆಲಸದ ಜಾಗದಲ್ಲಿ ತೀರಾ ಸೋತುಹೋದಾಗ ನಿಮ್ಮನ್ನು ಎತ್ತಿ ನಿಲ್ಲಿಸಿದ್ದು ಏನು?

ಕೀಲಿಮಣೆ

ನಮ್ಮಲ್ಲೂ ಅಂಥದ್ದೇ ಆ್ಯಪ್ ಇದೆ. ರಾತ್ರಿ ಹನ್ನೊಂದಕ್ಕೆ ‘ಈಗ ಫೋನ್ ಪಕ್ಕಕ್ಕಿಡಿ’ ಅಂತ ಫೋನಿಗೇ ನೋಟಿಫಿಕೇಶನ್ ಕಳಿಸುತ್ತದೆ. ಅದರ ಕೆಳಗೆ ಮ್ಯಾನೇಜರ್ ಮೆಸೇಜ್ ಕೂತಿರುತ್ತದೆ.

ಅಂಕಿಸಂಖ್ಯೆ

ಖಾಲಿಕುರ್ಚಿ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಒಂದು ಅಧ್ಯಯನ ನೆನಪಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ್ದು. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆ. ಒತ್ತಡ ನಿಭಾಯಿಸುವ ತರಬೇತಿ, ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ), ನಿದ್ದೆಯ ಆ್ಯಪ್ ಇಂಥವನ್ನು ಬಳಸಿದವರನ್ನೂ ಬಳಸದವರನ್ನೂ ಹೋಲಿಸಿ ನೋಡಿದರು. ಮಾನಸಿಕ ನೆಮ್ಮದಿಯಲ್ಲಿ ಬಳಸಿದವರು ಮುಂದೇನೂ ಇರಲಿಲ್ಲ. ಸ್ವಲ್ಪ ಒಳ್ಳೆಯ ಫಲ ಕಂಡಿದ್ದು ಸ್ವಯಂಸೇವೆಯ ಕೆಲಸಕ್ಕೆ ಹೋದವರಲ್ಲಿ.

ಇದನ್ನು ಹಿಡಿದುಕೊಂಡು ‘ಎಲ್ಲ ದಂಡ’ ಅನ್ನಬೇಡಿ. ಅದು ಒಂದು ಹೊತ್ತಿನ ಸಮೀಕ್ಷೆ, ಪ್ರಯೋಗ ಅಲ್ಲ. ಮೊದಲೇ ಜಾಸ್ತಿ ಬಳಲಿದವರೇ ತರಬೇತಿಗೆ ಹೋಗಿರಬಹುದು. ಧ್ಯಾನ, ಉಸಿರಾಟದಿಂದ ಒಬ್ಬೊಬ್ಬರಿಗೆ ಒಳ್ಳೆಯದಾಗುತ್ತದೆ ಅಂತ ತೋರಿಸಿದ ಪ್ರಯೋಗಗಳೂ ಇವೆ. ನನ್ನ ತಕರಾರು ಬೇರೆ. ಇಬ್ಬರ ಕೆಲಸ ಒಬ್ಬರ ಮೇಲೆ ಹಾಕಿ ಆಮೇಲೆ ಉಸಿರಾಡುವುದು ಹೇಗೆ ಅಂತ ಹೇಳಿಕೊಟ್ಟರೆ, ತಪ್ಪು ಎಲ್ಲಿದೆಯೋ ಅಲ್ಲಿ ಯಾರೂ ಕೈ ಹಾಕಿಲ್ಲ ಅಂತಲೇ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಕಾಯಿಲೆಗಳನ್ನು ವರ್ಗೀಕರಿಸುವ ಅದರ ಐಸಿಡಿ-11 ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಅಂತ. ಸರಿಯಾಗಿ ನಿಭಾಯಿಸದೇ ಬಿಟ್ಟ ದೀರ್ಘಕಾಲದ ಒತ್ತಡದ ಫಲ ಅದು. ಲಕ್ಷಣ ಮೂರು: ಪೂರ್ತಿ ಬಸವಳಿಯುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಇಲ್ಲವೇ ಎಲ್ಲದರ ಬಗ್ಗೆ ಕಹಿ ಬರುವುದು, ಮಾಡಿದ ಕೆಲಸ ಫಲ ಕೊಡುತ್ತಿಲ್ಲ ಅನ್ನಿಸುವುದು. ನಿಮ್ಮ ತಂಡದಲ್ಲಿ ಎರಡನೆಯದು ಶುರುವಾಗಿದೆ ಅನ್ನಿಸುತ್ತದೆ.

ಹಳೇಮೇಸ್ತ್ರಿ

ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳುತ್ತೇನೆ. ನಾನು ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಇದ್ದು ನಿವೃತ್ತಿ ಆದವನು. ಓವರ್‌ಟೈಮ್ ಇದ್ದಾಗ ಹನ್ನೆರಡು ಗಂಟೆ ನಿಂತೇ ಕೆಲಸ. ಮಾನಸಿಕ ಆರೋಗ್ಯ ಅನ್ನುವ ಮಾತನ್ನೇ ನಾವು ಕೇಳಿರಲಿಲ್ಲ. ಈಗಿನ ಹುಡುಗರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ ಆಗಿದೆ.

ಹೆಡ್‌ಫೋನ್

ಮೇಸ್ತ್ರಿಗಳೇ, ಮಾತು ಕೇಳಿರಲಿಲ್ಲ ಅಂದರೆ ನೋವು ಇರಲಿಲ್ಲ ಅಂತಲಾ? ಕುಡಿತಕ್ಕೆ ಬಿದ್ದವರು, ಮನೆಯಲ್ಲಿ ಕೈ ಎತ್ತುತ್ತಿದ್ದವರು, ಐವತ್ತಕ್ಕೇ ಎದೆ ಹಿಡಿದುಕೊಂಡು ಬಿದ್ದವರು ನಿಮ್ಮ ಶಾಪಿನಲ್ಲಿ ಇರಲಿಲ್ವಾ?

ಅಂಕಿಸಂಖ್ಯೆ

ಎದೆ ಹಿಡಿದುಕೊಂಡು ಬೀಳುವ ಮಾತಿಗೆ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ್ದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35 ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಸಾಯುವ ಅಪಾಯ ಶೇ. 17 ಹೆಚ್ಚು. ದೀರ್ಘ ದುಡಿಮೆಗೆ ಸಂಬಂಧಿಸಿದ ಸಾವುಗಳು 2016 ಒಂದರಲ್ಲೇ ಜಗತ್ತಿನಲ್ಲಿ ಸುಮಾರು 7,45,000.

ಹಳೇಮೇಸ್ತ್ರಿ

ಹೆಡ್‌ಫೋನ್ ಅವರು ಕೇಳಿದ್ದು ಸರಿಯೇ. ಇದ್ದರು. ಹೆಸರು ಹೇಳುವುದು ಬೇಡ.

ಆದರೆ ನಾನು ಹೇಳಹೊರಟಿದ್ದರಲ್ಲಿ ಇನ್ನೊಂದು ಇದೆ, ಅದನ್ನಾದರೂ ಕೇಳಿ. ಸೈರನ್ ಕೂಗಿದ ಮೇಲೆ ಕೈ ತೊಳೆಯುವ ತೊಟ್ಟಿಯ ಹತ್ತಿರ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದೆವು. ಗ್ರೀಸ್ ಬೇಗ ಹೋಗುವುದಿಲ್ಲ, ಉಜ್ಜುತ್ತಾ ನಿಲ್ಲಬೇಕು. ಯಾರ ಮಗಳಿಗೆ ಹುಷಾರಿಲ್ಲ, ಯಾರಿಗೆ ಸಾಲ ಕುತ್ತಿಗೆಗೆ ಬಂದಿದೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಒಬ್ಬ ಸುಮ್ಮನಾದ ಅಂದರೆ ತಕ್ಷಣ ತಿಳಿಯುತ್ತಿತ್ತು, ಯಾಕಂದರೆ ಅವನು ದಿನಾ ಮಾತಾಡುವವನು. ಮನೆಗೆ ಹೋದ ಮೇಲೆ ಕಾರ್ಖಾನೆ ನಮ್ಮನ್ನು ಕರೆಯುತ್ತಿರಲಿಲ್ಲ. ಈಗ ನನ್ನ ಮಗ ಊಟಕ್ಕೆ ಕೂತರೂ ಫೋನ್ ಉರುಳಿಸುತ್ತಾ ಇರುತ್ತಾನೆ. ಅದು ನನಗೆ ಅರ್ಥವಾಗದ ಕಷ್ಟ, ಒಪ್ಪುತ್ತೇನೆ.

ರಾತ್ರಿಪಾಳಿ

ಮೇಸ್ತ್ರಿಗಳ ತೊಟ್ಟಿಯ ಮಾತು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ.

ನಾನು ನರ್ಸ್. ಪಾಳಿ ಬದಲಾಗುವಾಗ ಹ್ಯಾಂಡೋವರ್ ಅಂತ ಇರುತ್ತದೆ. ಹೋಗುವವರು ಬರುವವರಿಗೆ ಒಂದೊಂದು ಬೆಡ್ ಹತ್ತಿರ ನಿಂತು ವಿಷಯ ಒಪ್ಪಿಸಬೇಕು. ಈ ಪೇಷಂಟ್‌ಗೆ ಡ್ರಿಪ್ ಎಷ್ಟರಲ್ಲಿ ಹೋಗುತ್ತಿದೆ, ಮೂರನೇ ಬೆಡ್‌ನವರಿಗೆ ರಾತ್ರಿ ಜ್ವರ ಬಂತು, ಏಳನೇ ಬೆಡ್‌ನವರ ಮನೆಯವರು ಗಾಬರಿಯಾಗಿದ್ದಾರೆ, ಸ್ವಲ್ಪ ನೋಡಿಕೊಳ್ಳಿ, ಹೀಗೆ. ಮೊದಲು ನಾನಿದ್ದ ವಾರ್ಡಿನಲ್ಲಿ ಎರಡು ಪಾಳಿಗಳ ನಡುವೆ ಅರ್ಧ ಗಂಟೆ ಇಬ್ಬರೂ ಇರುವ ಹಾಗೆ ಡ್ಯೂಟಿ ಹಾಕುತ್ತಿದ್ದರು. ಒಪ್ಪಿಸುವ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಹತ್ತು ನಿಮಿಷ ಯಾರ ಲೆಕ್ಕಕ್ಕೂ ಇರಲಿಲ್ಲ.

ಆ ಹತ್ತು ನಿಮಿಷವೇ ನಮ್ಮನ್ನು ಉಳಿಸುತ್ತಿತ್ತು. ಬೆಳಗಿನ ಪಾಳಿಗೆ ಬರುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರಿದ್ದರು. ರಾತ್ರಿ ಯಾರಾದರೂ ತೀರಿಕೊಂಡಿದ್ದರೆ ಅವರಿಗೆ ನಮ್ಮ ಮುಖ ನೋಡಿದರೇ ತಿಳಿಯುತ್ತಿತ್ತು. ರಿಜಿಸ್ಟರ್ ಮುಂದೆ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂರುತ್ತಿದ್ದರು, ಆದರೆ ಸಹಿ ಹಾಕುತ್ತಿರಲಿಲ್ಲ. ‘ಹೇಳು’ ಅನ್ನುತ್ತಿದ್ದರು, ಅಷ್ಟೇ. ನಾವು ಹೇಳುತ್ತಿದ್ದೆವು. ಎಷ್ಟು ಹೊತ್ತು ಸಿಪಿಆರ್ ಮಾಡಿದೆವು, ಮಗನಿಗೆ ಫೋನ್ ಮಾಡಿದಾಗ ಅವನು ಏನಂದ, ಎಲ್ಲ. ಅವರು ಸಮಾಧಾನದ ಮಾತು ಆಡಿದ್ದು ನನಗೆ ನೆನಪಿಲ್ಲ. ‘ಆ ಹೊತ್ತಲ್ಲಿ ಬೇರೆ ಏನೂ ಮಾಡೋಕೆ ಆಗ್ತಿರಲಿಲ್ಲ’ ಅಂತಲೋ, ‘ಮುಂದಿನ ಸಲ ಇಂಥದ್ದಕ್ಕೆ ಬೇಗ ಡಾಕ್ಟರ್‌ನ ಕರಿ’ ಅಂತಲೋ ಹೇಳಿ ಸಹಿ ಹಾಕುತ್ತಿದ್ದರು. ಸಹಿ ಬಿದ್ದ ಮೇಲೆ ಆ ವಾರ್ಡ್ ಅವರದು. ನಾನು ಮನೆಗೆ ಹೋಗಬಹುದು.

ಆಮೇಲೆ ಯಾರೋ ಲೆಕ್ಕ ಹಾಕಿದರು. ಆ ಅರ್ಧ ಗಂಟೆಗೆ ಇಬ್ಬರಿಗೆ ಸಂಬಳ ಕೊಡುತ್ತಿದ್ದೇವೆ ಅಂತ ಕಾಣಿಸಿತು. ಪಾಳಿಗಳನ್ನು ಒಂದಕ್ಕೊಂದು ತಾಗಿಸಿಬಿಟ್ಟರು. ಒಪ್ಪಿಸುವುದು ಟ್ಯಾಬ್‌ನಲ್ಲಿ ಟಿಕ್ ಮಾಡುವುದಾಯಿತು. ಮಾಹಿತಿ ಒಂದೂ ತಪ್ಪುವುದಿಲ್ಲ ಅಂದರು. ಅದು ನಿಜವೂ ಹೌದು. ಆದರೆ ಈಗ ರಾತ್ರಿ ನಡೆದದ್ದನ್ನು ಹೊತ್ತುಕೊಂಡೇ ಮನೆಗೆ ಹೋಗುತ್ತೇವೆ. ಮಲಗಿದರೂ ಕಿವಿಯಲ್ಲಿ ಮಾನಿಟರ್ ಸದ್ದು.

ಅದಾದ ಮೇಲೆ ನಮ್ಮಲ್ಲೂ ರೆಸಿಲಿಯೆನ್ಸ್ ಕಾರ್ಯಕ್ರಮ ಬಂತು! ಹೇಳಿಕೊಟ್ಟವರು ಒಳ್ಳೆಯವರೇ. ಅವರು ಕಲಿಸಿದ ಒಂದು ಅಭ್ಯಾಸ ನಾನು ಈಗಲೂ ಮಾಡುತ್ತೇನೆ. ಮಲಗುವ ಮುಂಚೆ ನಾಳೆ ಮಾಡಬೇಕಾದ್ದನ್ನು ಕಾಗದದ ಮೇಲೆ ಬರೆದಿಡುವುದು, ಸ್ವಲ್ಪ ಬೇಗ ನಿದ್ದೆ ಬರುತ್ತದೆ. ಆದರೂ ಆ ಕಾರ್ಯಕ್ರಮ ಮತ್ತು ಆ ಹತ್ತು ನಿಮಿಷ, ಎರಡರಲ್ಲಿ ಒಂದು ಆರಿಸಿಕೋ ಅಂದರೆ ಯೋಚನೆ ಮಾಡುವುದೇ ಇಲ್ಲ.

ಕೀಲಿಮಣೆ

‘ಸಹಿ ಬಿದ್ದ ಮೇಲೆ ಆ ವಾರ್ಡ್ ಅವರದು.’ ನಮ್ಮ ಕೆಲಸದಲ್ಲಿ ಈ ಸಹಿಯೇ ಇಲ್ಲ ಸಿಸ್ಟರ್. ಯಾವತ್ತೂ ಯಾವುದೂ ಮುಗಿಯುವುದಿಲ್ಲ.

ಹೆಡ್‌ಫೋನ್

ನನ್ನದು ಕಸ್ಟಮರ್ ಕೇರ್. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನೀವು ಬೈದು ಫೋನ್ ಇಟ್ಟ ಮೇಲೆ ನಮ್ಮ ಪರದೆಯಲ್ಲಿ ಒಂದು ಟೈಮರ್ ಓಡುತ್ತದೆ. ರ‍್ಯಾಪ್‌ಅಪ್ ಅಂತೀವಿ. ಆ ಕೆಲವು ಸೆಕೆಂಡಿನಲ್ಲಿ ದೂರಿನ ವಿವರ ಟೈಪ್ ಮಾಡಬೇಕು, ಮುಂದಿನ ಕರೆಗೆ ತಯಾರಾಗಬೇಕು. ಟೈಮರ್ ಮುಗಿಯುತ್ತಿದ್ದಂತೆ ಕಿವಿಯಲ್ಲಿ ಬೀಪ್. ನಾವು ಎತ್ತುವುದೇನಿಲ್ಲ, ಕರೆ ತಾನೇ ಬಂದು ಬೀಳುತ್ತದೆ. ಅಮ್ಮ ಅಕ್ಕ ಅಂತೆಲ್ಲ ಹಿಡಿದು ಬೈಸಿಕೊಂಡವಳು ಮರುಕ್ಷಣ ‘ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ’ ಅನ್ನಬೇಕು. ದನಿಯಲ್ಲಿ ನಗು ಇರಬೇಕು, ಅದಕ್ಕೂ ಮಾರ್ಕ್ಸ್ ಇದೆ.

ಆಫೀಸಿನಲ್ಲಿ ಇದ್ದಾಗ ಪಕ್ಕದ ಸೀಟಿನವಳು ನನ್ನ ದನಿ ಬದಲಾಗಿದ್ದು ಕೇಳಿಸಿಕೊಳ್ಳುತ್ತಿದ್ದಳು. ತನ್ನ ಕರೆಯನ್ನು ಮ್ಯೂಟ್ ಮಾಡಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು. ‘ಯಾವನೇ ಅವನು?’ ಅಂತ. ಇಬ್ಬರಿಗೂ ನಗು ಬರುತ್ತಿತ್ತು. ಎರಡು ಸೆಕೆಂಡಿನ ಕೆಲಸ. ಈಗ ಮನೆಯಿಂದಲೇ ಡ್ಯೂಟಿ. ಬಸ್ಸಿನ ಓಡಾಟ ಉಳಿಯಿತು, ಅದು ದೊಡ್ಡ ಲಾಭವೇ. ಆದರೆ ಬೈಗುಳ ಬಿದ್ದರೆ ಎದುರಿಗೆ ಗೋಡೆ.

ಅಂಕಿಸಂಖ್ಯೆ

ದನಿಯಲ್ಲಿನ ನಗುವೂ ದುಡಿಮೆಯೇ ಅಂತ 1983ರಲ್ಲೇ ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಬರೆದರು. ಅವರು ನೋಡಿದ್ದು ಎರಡು ಬಗೆಯ ಕೆಲಸದವರನ್ನು: ನಗಲೇಬೇಕಾದ ವಿಮಾನದ ಗಗನಸಖಿಯರು, ಗದರಲೇಬೇಕಾದ ಸಾಲ ವಸೂಲಿಯವರು. ಒಳಗೊಂದು ಭಾವ, ಹೊರಗೊಂದು ಭಾವ ಇಟ್ಟುಕೊಂಡು ದಿನವಿಡೀ ದುಡಿಯುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಪಕ್ಕದ ಸೀಟಿನವಳ ಹುಬ್ಬು ಆ ಬೆಲೆಯನ್ನು ಸ್ವಲ್ಪ ಇಳಿಸುತ್ತಿತ್ತು.

ಒಂಟಿಸಲಗ

ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಎಲ್ಲರೂ ಸೇರಿ ಒಡನಾಟಕ್ಕೆ ಆರತಿ ಎತ್ತುತ್ತಿದ್ದೀರಿ. ನನ್ನಂಥವನ ಪಾಡು ಯೋಚಿಸಿ. ನಾನು ಸಾಫ್ಟ್‌ವೇರ್ ಬರೆಯುತ್ತೇನೆ, ಮನೆಯಿಂದಲೇ. ಜನರ ಗುಂಪು ಕಂಡರೆ ಸುಸ್ತಾಗುವ ಆಸಾಮಿ. ‘ನಾವೆಲ್ಲ ಒಂದೇ ಕುಟುಂಬ’ ಅನ್ನುವ ಕಂಪನಿಯಲ್ಲಿ ಇದ್ದು ಬಂದಿದ್ದೇನೆ. ಶುಕ್ರವಾರ ಸಂಜೆ ಕಡ್ಡಾಯ ಮೋಜು. ಕ್ಯಾಮೆರಾ ಆನ್ ಮಾಡಿ ‘ಈ ವಾರ ನಿಮ್ಮ ಮನಸ್ಸಿನ ಬಣ್ಣ ಯಾವುದು’ ಹೇಳಬೇಕು. ಬಣ್ಣ ಅಂತೆ! ಅದೇ ಕುಟುಂಬ ಒಂದು ದಿನ ಬೆಳಿಗ್ಗೆ ಮೇಲ್ ಕಳಿಸಿ ನಲವತ್ತು ಜನರನ್ನು ಮನೆಗೆ ಕಳಿಸಿತು.

ನನ್ನನ್ನು ಗಟ್ಟಿಯಾಗಿ ಇಟ್ಟಿರುವುದು ಯಾರ ಜೊತೆಗಿನ ಹರಟೆಯೂ ಅಲ್ಲ. ಯಾವ ಹೊತ್ತಿಗೆ ಕೆಲಸ ಮಾಡಬೇಕು ಅಂತ ನಾನೇ ನಿರ್ಧರಿಸುವುದು. ಮನಸ್ಸಿನ ವಿಷಯಕ್ಕೆ ಹಳೆಯ ಗೆಳೆಯ ಒಬ್ಬ ಇದ್ದಾನೆ. ಅದನ್ನು ಆಫೀಸಿನವರ ಹತ್ತಿರ ಯಾಕೆ ಬಿಚ್ಚಬೇಕು?

ಅಂಕಿಸಂಖ್ಯೆ

ಒಂಟಿಸಲಗ ಅವರೇ, ನಿಮ್ಮ ಮಾತನ್ನು ಬೆಂಬಲಿಸುವ ಹಳೆಯ ಸಂಶೋಧನೆಯೇ ಇದೆ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ ಹೇಳಿದ್ದು: ಕೆಲಸದ ಹೊರೆ ಒಂದೇ ಮನುಷ್ಯನನ್ನು ಮುರಿಯುವುದಿಲ್ಲ. ಹೊರೆ ಹೆಚ್ಚು, ಆದರೆ ಹೇಗೆ ಮಾಡಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ, ಅಂಥ ಕೆಲಸ ಮುರಿಯುತ್ತದೆ. ಮುಂದೆ 1988ರಲ್ಲಿ ಜೆಫ್ರಿ ಜಾನ್ಸನ್, ಎಲೆನ್ ಹಾಲ್ ಅದಕ್ಕೆ ಮೂರನೆಯದನ್ನು ಸೇರಿಸಿದರು, ಜೊತೆಯವರ ಬೆಂಬಲ. ಹೊರೆ ಜಾಸ್ತಿ, ಹಿಡಿತ ಕಡಿಮೆ, ಜೊತೆಗೆ ಒಂಟಿ, ಈ ಮೂರೂ ಕೂಡಿದವರಿಗೇ ಅಪಾಯ ಹೆಚ್ಚು.

ನಿಮಗೆ ಹಿಡಿತ ಇದೆ, ಗೆಳೆಯ ಇದ್ದಾನೆ. ಹೆಡ್‌ಫೋನ್ ಅವರಿಗೆ ಮುಂದಿನ ಕರೆ ಯಾವಾಗ ಬೀಳಬೇಕು ಅನ್ನುವುದೂ ಕೈಯಲ್ಲಿಲ್ಲ. ಈಗ ಪಕ್ಕದ ಸೀಟೂ ಹೋಯಿತು.

ರಾತ್ರಿಪಾಳಿ

ಇನ್ನೊಂದು ಮಾತು ಸೇರಿಸುತ್ತೇನೆ. ಆ ಹಿರಿಯ ಸಿಸ್ಟರ್ ನನ್ನ ಸ್ನೇಹಿತೆ ಆಗಿರಲಿಲ್ಲ. ಅವರ ಮನೆ ನೋಡಿಲ್ಲ, ಮಕ್ಕಳೆಷ್ಟು ಅಂತಲೂ ಗೊತ್ತಿಲ್ಲ. ನನ್ನ ಮನಸ್ಸಿನ ಬಣ್ಣವನ್ನು ಅವರೂ ಕೇಳಲಿಲ್ಲ. ಕೇಳಿದ್ದು ಕೆಲಸದ ಬಗ್ಗೆ. ಒಂಟಿಸಲಗ ಅವರಿಗೂ ಅಂಥವರೊಬ್ಬರು ಇದ್ದರೆ ಬೇಡ ಅನ್ನಲಾರರು ಅಂತ ನನ್ನ ಊಹೆ.

ಒಂಟಿಸಲಗ

ಕೋಡ್ ರಿವ್ಯೂ ಮಾಡುವ ಒಬ್ಬಳು ಹಾಗಿದ್ದಾಳೆ. ತಪ್ಪು ಕಂಡರೆ ಎಲ್ಲರೆದುರು ಬರೆಯುವುದಿಲ್ಲ, ಮೊದಲು ಫೋನ್ ಮಾಡುತ್ತಾಳೆ. ಸರಿ, ಇಷ್ಟು ಒಪ್ಪಿದೆ. ಶುಕ್ರವಾರದ ಮೋಜು ಮಾತ್ರ ಒಪ್ಪಲ್ಲ.

ಮಧ್ಯದವನು

ನಾನು ಟೀಮ್ ಲೀಡ್. ಮೇಲಿನವರಿಗೆ ಕೆಳಗಿನವನು, ಕೆಳಗಿನವರಿಗೆ ಮೇಲಿನವನು. ಇಲ್ಲಿ ಮ್ಯಾನೇಜರ್‌ಗಳನ್ನು ಬೈಯುವುದು ಸುಲಭ. ಆದರೆ ನಮ್ಮನ್ನು ‘ಹೇಗಿದ್ದೀರಿ’ ಅಂತ ಕೇಳುವವರು ಯಾರು? ಮೇಲಿನವರ ಹತ್ತಿರ ಹೇಳಿಕೊಂಡರೆ ಇವನ ಕೈಲಾಗಲ್ಲ ಅನ್ನುತ್ತಾರೆ. ತಂಡದ ಹತ್ತಿರ ಹೇಳಿಕೊಂಡರೆ ಅವರು ಗಾಬರಿಯಾಗುತ್ತಾರೆ. ನನಗೆ ಇರುವುದು ಬೇರೆ ವಿಭಾಗದ ಇನ್ನೊಬ್ಬ ಲೀಡ್ ಮಾತ್ರ. ವಾರಕ್ಕೊಮ್ಮೆ ಕಟ್ಟಡದ ಸುತ್ತ ಒಂದು ಸುತ್ತು ಹಾಕುತ್ತೇವೆ, ಬೈಯುವುದನ್ನೆಲ್ಲ ಬೈದು ಒಳಗೆ ಬರುತ್ತೇವೆ.

ಖಾಲಿಕುರ್ಚಿ ಅವರಿಗೆ ಒಂದು ಒಳಗುಟ್ಟು. ಎಚ್‌ಆರ್‌ನವರು ಕೆಟ್ಟವರಲ್ಲ. ಅವರ ಕೈಯಲ್ಲಿ ತರಬೇತಿಗೆ ದುಡ್ಡಿದೆ, ಹೊಸ ಜನರನ್ನು ತೆಗೆದುಕೊಳ್ಳಲು ಇಲ್ಲ. ಅದು ಇನ್ನೊಬ್ಬರ ಕೈಯಲ್ಲಿದೆ. ಅದಕ್ಕೇ ಎಲ್ಲ ರೋಗಕ್ಕೂ ತರಬೇತಿಯೇ ಮದ್ದಾಗಿ ಬರುತ್ತದೆ. ‘ಇದು ಬೇಡ’ ಅಂದರೆ ‘ಇವರಿಗೆ ಆಸಕ್ತಿ ಇಲ್ಲ’ ಅಂತ ಬರೆದುಕೊಳ್ಳುತ್ತಾರೆ. ಅವರ ಕೈಲಾಗುವುದನ್ನೇ ಕೇಳಿ. ತಾರೀಕು ಬದಲಿಸಿ ಅನ್ನಿ. ಉಸಿರಾಟದ ಒಂದು ಗಂಟೆಯಲ್ಲಿ ಅರ್ಧ ಗಂಟೆಯನ್ನು ತಂಡಕ್ಕೇ ಕೊಡಿ, ಯಾವ ಕೆಲಸ ಬಿಡಬಹುದು ಅಂತ ನಾವೇ ಕೂತು ಪಟ್ಟಿ ಮಾಡುತ್ತೇವೆ ಅನ್ನಿ. ಆ ಪಟ್ಟಿ ಕಾಗದದ ಮೇಲೆ ಇದ್ದರೆ ನಿಮ್ಮ ಮ್ಯಾನೇಜರ್‌ಗೂ ಮೇಲೆ ಹೋಗಿ ಮಾತಾಡಲು ಕೈಯಲ್ಲಿ ಏನೋ ಇರುತ್ತದೆ.

ಹಾಗೆ ಕೂತಾಗ ನಿಜ ಹೊರಗೆ ಬರಬೇಕಾದರೆ ಮೊದಲು ಭಯ ಹೋಗಬೇಕು. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಯ ತಂಡಗಳನ್ನು ನೋಡಿದ ಕಥೆ ನನಗೆ ಇಷ್ಟ. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಅಂದುಕೊಂಡು ಹೊರಟರು. ಲೆಕ್ಕ ತೆಗೆದರೆ ಅಂಥ ತಂಡಗಳಲ್ಲೇ ತಪ್ಪುಗಳು ಜಾಸ್ತಿ! ಆಮೇಲೆ ಗೊತ್ತಾಯಿತು, ಅಲ್ಲಿನವರು ತಪ್ಪಾದರೆ ಬಾಯಿ ಬಿಟ್ಟು ಹೇಳುತ್ತಿದ್ದರು, ಉಳಿದವರು ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದರ ಬಗ್ಗೆ ಇನ್ನೂ ವಿವರವಾಗಿ ಬರೆದರು. ನನ್ನ ತಂಡದಲ್ಲಿ ಯಾರೂ ದೂರು ಹೇಳುತ್ತಿಲ್ಲ ಅಂದರೆ ನನಗೆ ನೆಮ್ಮದಿ ಆಗುವುದಿಲ್ಲ, ಅನುಮಾನ ಬರುತ್ತದೆ.

ಹೊಸಬ

ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ. ಇದೆಲ್ಲ ಓದಿ ಒಂದು ಕೇಳಬೇಕು ಅನ್ನಿಸಿತು. ನನಗೆ ಕೆಲಸ ಕಲಿಸಿದ ಅಣ್ಣ ಒಬ್ಬರಿದ್ದಾರೆ. ಮೊದಲು ತಮಾಷೆ ಮಾಡುತ್ತಾ ಇರುತ್ತಿದ್ದರು. ಕೆಲವು ವಾರಗಳಿಂದ ಮಾತೇ ಇಲ್ಲ. ಊಟಕ್ಕೂ ಬರುವುದಿಲ್ಲ. ಮೊನ್ನೆ ರಜೆ ಹಾಕಿದ್ದರು, ವಾಪಸ್ ಬಂದ ಮೇಲೂ ಹಾಗೇ ಇದ್ದಾರೆ. ಕ್ರಿಕೆಟ್ ಅಂದರೆ ಪ್ರಾಣ ಬಿಡುತ್ತಿದ್ದವರು, ಈಗ ಅದರ ಸುದ್ದಿಯೂ ಬೇಡ ಅನ್ನುತ್ತಾರೆ. ನಾನು ಚಿಕ್ಕವನು. ಕೇಳಬಹುದಾ? ಕೇಳಿದರೆ ಏನಂತ ಕೇಳಲಿ?

ಕಿವಿಗೊಡು

ಹೊಸಬ ಅವರೇ, ನಾನು ಆಪ್ತಸಮಾಲೋಚಕಿ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಮೊದಲು ಒಂದು ವ್ಯತ್ಯಾಸ ಗಮನಿಸಿ. ಮೇಲೆ ಬಂದ ಬರ್ನ್‌ಔಟ್ ಕೆಲಸದ ಸುತ್ತಲೇ ಇರುವಂಥದ್ದು. ಕೆಲಸದಿಂದ ದೂರ ಹೋದಾಗ ಎಷ್ಟೋ ಜನರಿಗೆ ಸ್ವಲ್ಪ ಉಸಿರು ಬರುತ್ತದೆ, ಇಷ್ಟದ ವಿಷಯಗಳು ಇಷ್ಟವಾಗಿಯೇ ಉಳಿದಿರುತ್ತವೆ. ಖಿನ್ನತೆ ಹಾಗಲ್ಲ. ರಜೆಗೂ ಬೆನ್ನು ಹತ್ತಿ ಬರುತ್ತದೆ. ಇಷ್ಟದ್ದರ ರುಚಿಯನ್ನೂ ಕಿತ್ತುಕೊಳ್ಳುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಅದನ್ನು ತೀರ್ಮಾನಿಸುವ ಕೆಲಸ ನಿಮ್ಮದೂ ಅಲ್ಲ, ಈ ಚರ್ಚೆಯದೂ ಅಲ್ಲ.

ಕೇಳಬಹುದಾ ಅಂದಿರಿ. ಕೇಳಿ. ಚಿಕ್ಕವರು ಅನ್ನುವುದು ಅಡ್ಡಿಯಲ್ಲ. ನಾಲ್ಕು ಜನರ ಎದುರು ಬೇಡ, ಮೆಸೇಜಿನಲ್ಲೂ ಬೇಡ. ಇಬ್ಬರೇ ಪಕ್ಕಪಕ್ಕ ನಡೆಯುವಾಗ ಒಳ್ಳೆಯದು, ಮುಖಕ್ಕೆ ಮುಖ ಕೊಟ್ಟು ಕೂರಬೇಕಿಲ್ಲ. ‘ಹೇಗಿದ್ದೀರಿ’ ಅಂದರೆ ‘ಚೆನ್ನಾಗಿದ್ದೀನಿ’ ಅಂತ ಬಾಯಿಪಾಠದ ಉತ್ತರ ಬರುತ್ತದೆ. ನೀವು ಕಂಡದ್ದನ್ನೇ ಹೇಳಿ. ‘ಅಣ್ಣಾ, ಸ್ವಲ್ಪ ದಿನದಿಂದ ನೀವು ಊಟಕ್ಕೆ ಬರ್ತಿಲ್ಲ, ಮ್ಯಾಚ್ ಬಗ್ಗೇನೂ ಮಾತಾಡ್ತಿಲ್ಲ. ಏನಾದ್ರೂ ಆಗಿದೆಯಾ?’ ಇಷ್ಟು ಹೇಳಿ ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗಬೇಡಿ. ಬುದ್ಧಿ ಹೇಳಬೇಡಿ. ‘ನಿಮಗಿಂತ ಕಷ್ಟದಲ್ಲಿ ಇರೋರು ಎಷ್ಟು ಜನ ಇದ್ದಾರೆ’ ಅನ್ನುವ ಮಾತಂತೂ ಬೇಡವೇ ಬೇಡ. ಅವರು ‘ಏನಿಲ್ಲ’ ಅಂದರೆ ಬಿಟ್ಟುಬಿಡಿ, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಎರಡನೇ ಸಲ ಕೇಳಿದಾಗಲೇ ಜನ ಬಾಯಿ ಬಿಡುವುದು ಜಾಸ್ತಿ, ಇದು ನನ್ನ ಅನುಭವದ ಮಾತು.

‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೇದು’ ಅನ್ನುವಂಥ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಿದೆಯಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ ತುಂಬಾ ಜನರಿಗಿದೆ. ಸಂಶೋಧನೆಗಳು ಹಾಗೆ ಹೇಳುವುದಿಲ್ಲ. ಕೇಳಿದಾಗ ಹಗುರ ಆಗುವವರೂ ಇದ್ದಾರೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ ತಿಳಿಸಿ, ಸಹಾಯವಾಣಿಗೆ ಕರೆ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಡಬೇಡಿ.

ರಾತ್ರಿಪಾಳಿ ಅವರು ಬರೆದದ್ದಕ್ಕೂ ಒಂದು ಸೇರಿಸಬೇಕು. ದೊಡ್ಡ ಆಘಾತ ಆದ ತಕ್ಷಣ ಎಲ್ಲರನ್ನೂ ಕೂರಿಸಿ ಏನೇನಾಯಿತು ಅಂತ ಒಂದೇ ಸಲಕ್ಕೆ ಹೇಳಿಸುವ ‘ಡೀಬ್ರೀಫಿಂಗ್’ ಒಂದು ಕಾಲದಲ್ಲಿ ತುಂಬಾ ಚಾಲ್ತಿಯಲ್ಲಿತ್ತು. ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಅದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಈಗ ಕಡ್ಡಾಯವಾಗಿ ಹಾಗೆ ಮಾಡಿಸಬಾರದು ಅನ್ನುತ್ತಾರೆ. ಆ ಹಿರಿಯ ಸಿಸ್ಟರ್ ಮಾಡುತ್ತಿದ್ದದ್ದು ಅದಲ್ಲ. ಗೊತ್ತಿರುವವರು, ದಿನಾ ಸಿಗುವವರು, ಹೇಳುವುದೂ ಬಿಡುವುದೂ ನಿಮ್ಮ ಇಷ್ಟ. ಕಡ್ಡಾಯ ಮಾಡಿದ್ದರೆ ಅವರ ‘ಹೇಳು’ ಕೂಡ ಕೆಲಸ ಮಾಡುತ್ತಿರಲಿಲ್ಲ.

ಹಳೇಮೇಸ್ತ್ರಿ

ಕಿವಿಗೊಡು ಮೇಡಂ, ತಡೆದುಕೊಳ್ಳುವ ಶಕ್ತಿ ಹುಟ್ಟಿನಿಂದ ಬರುತ್ತದಾ, ಬೆಳೆಸಿಕೊಳ್ಳುವುದಾ? ಮೊದಲು ನಾನು ಬರೆದದ್ದಕ್ಕೇ ಕೇಳುತ್ತಿದ್ದೇನೆ.

ಕಿವಿಗೊಡು

ಎರಡೂ ಇದೆ ಮೇಸ್ತ್ರಿಗಳೇ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಕಾಯಿಲೆ ಎಲ್ಲ ಇದ್ದ ಮನೆಗಳಲ್ಲಿ ಬೆಳೆದವರಲ್ಲಿಯೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ಚೆನ್ನಾಗಿಯೇ ಬೆಳೆದರು. ಅವರ ಸ್ವಭಾವದ ಪಾತ್ರ ಇತ್ತು. ಅದರ ಜೊತೆಗೆ, ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯರಾದರೂ ಅವರ ಪಾಲಿಗೆ ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರೋ ಒಬ್ಬರು.

ಖಾಲಿಕುರ್ಚಿ

ಎಲ್ಲರ ಉತ್ತರ ಓದಿದೆ. ಮಧ್ಯದವನು ಹೇಳಿದ ಹಾಗೇ ಮಾಡಿದೆವು. ‘ಬೇಡ’ ಅನ್ನಲಿಲ್ಲ. ತಾರೀಕು ಬದಲಿಸಿ, ಅರ್ಧ ಗಂಟೆ ನಮಗೆ ಕೊಡಿ ಅಂತ ಕೇಳಿದೆವು. ತಾರೀಕು ಬದಲಾಯಿತು. ಅರ್ಧ ಗಂಟೆಯೂ ಸಿಕ್ಕಿತು, ಆದರೆ ಎಚ್‌ಆರ್‌ನವರೂ ಕೂರುತ್ತೇವೆ ಅಂದರು. ಹಾಗಾಗಿ ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮ ಕ್ಯಾಷಿಯರ್ ಮೇಡಂ ಕೇಳಿದರು, ‘ಈ ಮೂರು ರಿಪೋರ್ಟ್ ಪ್ರತಿ ತಿಂಗಳೂ ಕಳಿಸ್ತೀವಲ್ಲ, ಯಾರು ಓದ್ತಾರೆ?’ ಅಲ್ಲಿಂದ ಮಾತು ಹರಿಯಿತು. ವಿಚಾರಿಸಿದರೆ ಒಂದು ರಿಪೋರ್ಟನ್ನು ಯಾರೂ ತೆರೆಯುವುದೇ ಇಲ್ಲವಂತೆ. ಅದನ್ನು ನಿಲ್ಲಿಸಿದ್ದೇವೆ. ಇನ್ನೊಂದು ಮೂರು ತಿಂಗಳಿಗೊಮ್ಮೆ ಸಾಕು ಅಂದಿದ್ದಾರೆ. ಮೂರನೆಯದು ಬೇಕೇ ಬೇಕಂತೆ.

ಖಾಲಿ ಇರುವ ಎರಡು ಜಾಗದ ಬಗ್ಗೆ ‘ನೋಡೋಣ’ ಅಂದರು. ‘ನೋಡೋಣ’ ಅಂದರೆ ಏನು ಅಂತ ನಿಮಗೆಲ್ಲ ಗೊತ್ತೇ ಇದೆ.

ಕೀಲಿಮಣೆ

ಯಾರೂ ಓದದ ರಿಪೋರ್ಟ್! ನಾಳೆಯೇ ನಮ್ಮಲ್ಲೂ ಕೇಳುತ್ತೇನೆ.

ಹೆಡ್‌ಫೋನ್

ಇಲ್ಲಿ ಓದಿದ ಮೇಲೆ ಆ ಪಕ್ಕದ ಸೀಟಿನವಳಿಗೆ ಫೋನ್ ಮಾಡಿದ್ದೆ. ಅವಳಿಗೂ ಅದೇ ಗೋಡೆ. ಟೀಮ್ ಲೀಡರ್‌ಗೆ ಇಬ್ಬರೂ ಸೇರಿ ಕೇಳಿದೆವು: ಬೈಗುಳದ ಕರೆ ಆದರೆ ಐದು ನಿಮಿಷ ಕರೆ ಬೀಳದ ಹಾಗೆ ಒಂದು ಆಕ್ಸ್ ಕೋಡ್ (ಈಗ ಕರೆಗೆ ಸಿಗುವುದಿಲ್ಲ ಅಂತ ಸಿಸ್ಟಮ್‌ಗೆ ಹೇಳುವ ಗುರುತು) ಕೊಡಿ, ಅದನ್ನು ಬ್ರೇಕ್ ಲೆಕ್ಕಕ್ಕೆ ಹಿಡಿಯಬೇಡಿ. ಪ್ರಯೋಗಕ್ಕೆ ಅಂತ ನಮ್ಮ ತಂಡಕ್ಕೆ ಮಾತ್ರ ಕೊಟ್ಟಿದ್ದಾರೆ. ದುರುಪಯೋಗ ಆಗುತ್ತಾ ನೋಡ್ತೀವಿ ಅಂದರು. ನೋಡಲಿ.

ಹೊಸಬ

ಕಿವಿಗೊಡು ಮೇಡಂ, ಕೇಳಿದೆ. ಮೊದಲ ಸಲ ‘ಏನಿಲ್ಲ ಕಣೋ’ ಅಂದರು. ಬಿಟ್ಟುಬಿಟ್ಟೆ. ನಿನ್ನೆ ಮತ್ತೆ ಕೇಳಿದೆ. ಪಾರ್ಕಿಂಗ್‌ನಲ್ಲಿ ಬೈಕ್ ಮೇಲೆ ಕೂತೇ ತುಂಬಾ ಹೊತ್ತು ಮಾತಾಡಿದರು. ನೀವು ಹೇಳಿದ ಆ ನೇರ ಪ್ರಶ್ನೆಯನ್ನೂ ಕೇಳಿದೆ, ಹಾಗೇನಿಲ್ಲ ಅಂದರು. ನಿದ್ದೆ ಮಾತ್ರ ಇಲ್ಲವೇ ಇಲ್ಲವಂತೆ. ಡಾಕ್ಟರ್ ಹತ್ತಿರ ಹೋಗೋಕೆ ಒಪ್ಪಿದ್ದಾರೆ, ಜೊತೆಗೆ ಬಾ ಅಂತ ಕರೆದಿದ್ದಾರೆ. ಇಬ್ಬರೂ ಅರ್ಧ ದಿನ ರಜೆ ಹಾಕಬೇಕು. ಕಾರಣ ಏನಂತ ಬರೆಯಲಿ? ಅವರಿಗೆ ಆಫೀಸಿನಲ್ಲಿ ಗೊತ್ತಾಗುವುದು ಇಷ್ಟ ಇಲ್ಲ.

ಮಧ್ಯದವನು

‘ವೈಯಕ್ತಿಕ ಕೆಲಸ’ ಅಂತ ಬರೆಯಿರಿ, ಅರ್ಧ ದಿನಕ್ಕೆ ಅಷ್ಟು ಸಾಕು. ಇಬ್ಬರೂ ಒಂದೇ ಹೊತ್ತಿಗೆ ಅರ್ಜಿ ಹಾಕಬೇಡಿ, ಜನ ಜೋಡಿಸಿ ನೋಡುತ್ತಾರೆ. ನಿಮ್ಮದು ಇವತ್ತು ಹಾಕಿ, ಅವರದು ನಾಳೆ.

ಕಿವಿಗೊಡು

ಡಾಕ್ಟರ್ ಎದುರು ಕೂತಾಗ ಮರೆತುಹೋಗುತ್ತದೆ. ನಿದ್ದೆ ಯಾವಾಗಿನಿಂದ ಇಲ್ಲ, ಊಟ ಹೇಗಿದೆ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಅವರೇ ಬರೆದುಕೊಳ್ಳಲಿ. ನೀವು ಹೊರಗೆ ಕೂತಿರಿ. ಒಳಗೆ ಬಾ ಅಂದರೆ ಮಾತ್ರ ಹೋಗಿ.